ರೇಡಾರ್ ಚಿತ್ರದ ಕಪ್ಪು ಕಲೆ ಎಣ್ಣೆಯೇ ಎಂದು ಖಚಿತಪಡಿಸಿಕೊಳ್ಳಲು ಯಾವ ತಂತ್ರಾಂಶ ಒಳ್ಳೆಯದು?

ಪ್ರಶ್ನೆ (ಯಲಹಂಕದಿಂದ): ಎಂ.ಟೆಕ್. ಪ್ರಾಜೆಕ್ಟಿಗಾಗಿ ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ತೆಗೆದ ಅರಬ್ಬೀ ಸಮುದ್ರದ ಚಿತ್ರಗಳಲ್ಲಿ ತೈಲ ಸೋರಿಕೆಯನ್ನು ಹುಡುಕುತ್ತಿದ್ದೇನೆ. ಉಪಗ್ರಹ ಚಿತ್ರಗಳನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶ ಒಂದೇ ಚಿತ್ರದಲ್ಲಿ ಹತ್ತಾರು ಕಲೆಗಳನ್ನು ಗುರುತಿಸಿಕೊಡುತ್ತಿದೆ. ಅವುಗಳಲ್ಲಿ ಎಣ್ಣೆ ಯಾವುದೆಂದು ಖಚಿತಪಡಿಸುವ ಬೇರೆ ತಂತ್ರಾಂಶ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮಾರತ್ತಹಳ್ಳಿಯಿಂದ): ತಂತ್ರಾಂಶ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಸ್ನ್ಯಾಪ್‌ನ ತೈಲ ಪತ್ತೆ ಸಾಧನವು ಸುತ್ತಲಿನ ನೀರಿಗಿಂತ ನಿಗದಿತ ಡೆಸಿಬೆಲ್‌ಗಳಷ್ಟು ಕಪ್ಪಾಗಿರುವ ಜಾಗಗಳನ್ನು ಆರಿಸಿ, ತೀರ ಚಿಕ್ಕ ಗುಂಪುಗಳನ್ನು ಕೈಬಿಡುತ್ತದೆ. ಅದರ ಕೆಲಸ ಅಷ್ಟೇ. ಎಣ್ಣೆಯ ಪದರ ನೀರಿನ ಸಣ್ಣ ಅಲೆಗಳನ್ನು ಅಡಗಿಸುವುದರಿಂದ ರೇಡಾರ್ ಸಂಕೇತ ಹಿಂದಿರುಗದೆ ಆ ಭಾಗ ಕಪ್ಪಾಗುತ್ತದೆ. ಗಾಳಿಯಿಲ್ಲದ ನೀರು, ಪಾಚಿ ಮತ್ತು ಪ್ಲವಕಗಳಿಂದ ಹೊಮ್ಮುವ ಜಿಡ್ಡು, ಕೆಲವೊಮ್ಮೆ ಮಳೆ ಕೂಡ ಅದೇ ಪರಿಣಾಮವನ್ನು ಉಂಟುಮಾಡುತ್ತವೆ. ಆದ್ದರಿಂದ ಮೊದಲು ಗಾಳಿಯ ವೇಗವನ್ನು ನೋಡಿ. ಸೆಂಟಿನೆಲ್-1ರ ಎರಡನೇ ಹಂತದ ಸಾಗರ ದತ್ತಾಂಶದಲ್ಲಿ ಅದರ ಅಂದಾಜು ಸಿಗುತ್ತದೆ. ಸೆಕೆಂಡಿಗೆ ಸುಮಾರು 3 ಮೀಟರ್‌ಗಿಂತ ಕಡಿಮೆ ಗಾಳಿಯಿರುವ ಭಾಗದ ಕಲೆಗಳನ್ನು ನಾನು ಪರಿಗಣಿಸುವುದೇ ಇಲ್ಲ; 10 ಮೀಟರ್ ದಾಟಿದರೆ ತೆಳುವಾದ ಎಣ್ಣೆ ನೀರಿನಲ್ಲಿ ಬೆರೆತು ಕಾಣದೇ ಹೋಗಬಹುದು. ವಿವಿ ಧ್ರುವೀಕರಣವನ್ನೇ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಸಂಕೇತ) ಬಳಸಿ; ವಿಎಚ್‌ನಲ್ಲಿ (ಲಂಬವಾಗಿ ಕಳಿಸಿ ಅಡ್ಡಲಾಗಿ ಪಡೆದದ್ದು) ಎಣ್ಣೆಯ ಸಂಕೇತ ಉಪಕರಣದ ಗದ್ದಲದಲ್ಲೇ ಮುಳುಗಿರುತ್ತದೆ.

ಉತ್ತರ (ಮಲ್ಲೇಶ್ವರದಿಂದ): ಮೇಲಿನವರ ಮಾತಿಗೆ ಆಕಾರದ ವಿಚಾರವನ್ನು ಸೇರಿಸುತ್ತೇನೆ. ಹಡಗು ಸಾಗುತ್ತಲೇ ಎಣ್ಣೆ ಬಿಟ್ಟಿದ್ದರೆ ಉದ್ದನೆಯ ಕಿರಿದಾದ ಕಪ್ಪು ಗೆರೆಯೂ, ಅದರ ಒಂದು ತುದಿಯ ಬಳಿ ಬಿಳಿ ಚುಕ್ಕೆಯಾಗಿ ಹಡಗೂ ಕಾಣುತ್ತವೆ. ಆ ಚುಕ್ಕೆ ಗೆರೆಯ ಮೇಲೆಯೇ ಇಲ್ಲವೆಂದು ಗಾಬರಿಯಾಗಬೇಡಿ: ಚಲಿಸುವ ವಸ್ತುವನ್ನು ಈ ಬಗೆಯ ರೇಡಾರ್ ಉಪಗ್ರಹದ ಪಥದ ದಿಕ್ಕಿನಲ್ಲಿ ನೂರಾರು ಮೀಟರ್ ಸರಿಸಿ ತೋರಿಸಬಲ್ಲದು. ಅನಂತರ ಆ ಹೊತ್ತಿನ ಎಐಎಸ್ (ಹಡಗುಗಳು ತಮ್ಮ ಗುರುತು ಮತ್ತು ಸ್ಥಾನವನ್ನು ಬಿತ್ತರಿಸುವ ವ್ಯವಸ್ಥೆ) ದಾಖಲೆಯಲ್ಲಿ ಹಡಗಿನ ಪಥ ಗೆರೆಯೊಂದಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಹಲವು ದಿನಾಂಕಗಳ ಚಿತ್ರಗಳಲ್ಲಿ ಒಂದೇ ಜಾಗದಿಂದ ಕಲೆ ಹೊರಡುತ್ತಿದ್ದರೆ, ಅದು ಸಮುದ್ರತಳದಿಂದ ಸಹಜವಾಗಿ ಒಸರುವ ಎಣ್ಣೆಯೂ ಆಗಿರಬಹುದು.

ಅಭ್ಯಾಸಕ್ಕೆ 2025ರ ಮೇ 25ರಂದು ಕೊಚ್ಚಿಯ ಹೊರಗೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ ಪ್ರಕರಣವನ್ನು ಆರಿಸುವ ಆಸೆಯಾಗುತ್ತದೆ, ಆದರೆ ಅದರಿಂದ ಆರಂಭಿಸಬೇಡಿ. ಮುಂಗಾರು ಅದರ ಹಿಂದಿನ ದಿನವೇ ಕೇರಳ ಪ್ರವೇಶಿಸಿತ್ತು. ಮಳೆ ಗಾಳಿಗಳ ನಡುವೆ ಎಣ್ಣೆಯನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಮುಂಗಾರಿಗೆ ಮುಂಚಿನ ತಿಂಗಳುಗಳ ಚಿತ್ರಗಳೇ ಕಲಿಯುವವರಿಗೆ ಅನುಕೂಲ.

ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಹೊಂದಿಕೆಯಾದರೆ ವರದಿಯಲ್ಲಿ ‘ಖಚಿತ’ ಎಂದು ಬರೆಯಬಹುದೇ?

ಉತ್ತರ (ಮಾರತ್ತಹಳ್ಳಿಯಿಂದ): ಬರೆಯಬೇಡಿ, ‘ಸಂಭವನೀಯ’ ಎನ್ನಿ. 2007ರಿಂದ ನಡೆಯುತ್ತಿರುವ ಯುರೋಪಿನ ತೈಲ ಸೋರಿಕೆ ಪತ್ತೆ ಸೇವೆ ಕ್ಲೀನ್‌ಸೀನೆಟ್ ಕೂಡ ಉಪಗ್ರಹದಲ್ಲಿ ಕಂಡದ್ದನ್ನು ಸಂಭವನೀಯ ಎಂದೇ ತಿಳಿಸುತ್ತದೆ. ವಿಮಾನವೋ ಹಡಗೋ ಸ್ಥಳಕ್ಕೆ ಹೋಗಿ ನೋಡಿದ ಮೇಲೆಯೇ ಅದು ಖಚಿತವಾಗುವುದು. ಬೆಂಗಳೂರಿನಲ್ಲಿ ಕುಳಿತ ನಮಗೆ ಆ ಅವಕಾಶವಿಲ್ಲ. ಮರುದಿನದ ಬೇರೊಂದು ಉಪಗ್ರಹದ ಚಿತ್ರ ಸಿಕ್ಕರೆ, ಸಮುದ್ರ ಪ್ರವಾಹದ ವೇಗಕ್ಕೆ ಗಾಳಿಯ ವೇಗದ ಸುಮಾರು ಶೇ. 3ನ್ನು ಕೂಡಿಸಿ ಕಲೆ ಎಲ್ಲಿಗೆ ಸರಿದಿರಬೇಕೆಂದು ಲೆಕ್ಕ ಹಾಕಿ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಉಚಿತ ತಂತ್ರಾಂಶ ‘ನೋಮ್’ ಇದನ್ನೇ ಮಾಡುತ್ತದೆ. ಇಸ್ರೋದ ರೇಡಾರ್ ಉಪಗ್ರಹ ಇಒಎಸ್-04ರ ಚಿತ್ರಗಳಿಗೆ ಅದರದೇ ಭೂನಿಧಿ ಜಾಲತಾಣದಲ್ಲಿ ಹುಡುಕಿ. ನಿಮ್ಮನ್ನು ಹೆಚ್ಚು ಕಾಡುತ್ತಿರುವ ಕಲೆಯ ದಿನಾಂಕ, ಅಕ್ಷಾಂಶ ಮತ್ತು ರೇಖಾಂಶಗಳನ್ನು ತಿಳಿಸಿದರೆ ನಾವೂ ನೋಡಿ ಹೇಳಬಹುದು.