ಎಂಟು ಸಲ ಪಟ್ಟಿಗೆ, ಒಂದು ಸಲವೂ ಗೆಲುವಿಲ್ಲ

ಮಾವ: (ಫಾರ್ವರ್ಡ್ ಆದ ಚಿತ್ರ) ನಟ ಪೀಟರ್ ಒಟೂಲ್: ಆಸ್ಕರ್‌ಗೆ 8 ನಾಮನಿರ್ದೇಶನ, ಗೆಲುವು 0. ನಟಿ ಗ್ಲೆನ್ ಕ್ಲೋಸ್: 8 ನಾಮನಿರ್ದೇಶನ, ಗೆಲುವು 0.

ಮಾವ: ಎಲ್ಲರೂ ನೋಡಿ ಇದನ್ನ. ‘ಪ್ರಶಸ್ತಿ ಬಂದಿದೆ, ಅಂದ್ರೆ ನಟನೆ ಚೆನ್ನಾಗಿರುತ್ತೆ’ ಅಂತ ಇನ್ಮೇಲೆ ಈ ಗುಂಪಲ್ಲಿ ಯಾರೂ ಹೇಳ್ಬೇಡಿ.

ಭಾವ: ಸಂಖ್ಯೆ ಸರಿ ಇದೆ ಮಾವ. ಯಾರೆದುರು ಸೋತರು ಅನ್ನೋದನ್ನ ಮಾತ್ರ ಹಾಕಿಲ್ಲ. 1962ರ ಸಿನಿಮಾಗಳಲ್ಲಿ ಒಟೂಲ್ ಸೋತಿದ್ದು ಗ್ರೆಗರಿ ಪೆಕ್‌ಗೆ, 1972ರಲ್ಲಿ ಮಾರ್ಲನ್ ಬ್ರಾಂಡೊಗೆ. ಬ್ರಾಂಡೊಗೆ ಕೊಟ್ಟಿದ್ದು ಅನ್ಯಾಯ ಅಂತೀರಾ?

ಮಾವ: ಒಂದೊಂದೇ ವರ್ಷ ತಗೊಂಡ್ರೆ ಯಾವುದೂ ಅನ್ಯಾಯ ಅನ್ನಿಸಲ್ಲ. ಎಂಟನ್ನೂ ಕೂಡಿಸಿ ನೋಡಿ. ಕೊನೆಗೆ ಗೌರವ ಆಸ್ಕರ್ ಕೊಡ್ತೀವಿ ಅಂದಾಗ, ನಾನಿನ್ನೂ ಸ್ಪರ್ಧೆಯಲ್ಲಿದ್ದೀನಿ, ಸ್ವಲ್ಪ ತಡೀರಿ ಅಂತ ಪತ್ರ ಬರೆದ ಮನುಷ್ಯ ಅವರು. ಆಮೇಲೆ 2003ರಲ್ಲಿ ತಗೊಂಡ್ರು. ಮತ್ತೆ 2006ರ ಸಿನಿಮಾಕ್ಕೆ ಎಂಟನೇ ಸಲ ಪಟ್ಟಿಗೆ ಬಂದ್ರು, ಮತ್ತೆ ಸೋತ್ರು.

ಅಕ್ಕ: ಸಿಟ್ಟು ನಂಗೂ ಇದೆ ಮಾವ. ಆದ್ರೆ ಮತ ಹಾಕೋರ ರುಚಿಯನ್ನ ಬೈಯೋಕೆ ಮುಂಚೆ ಮತ ಎಣಿಸೋ ರೀತಿ ನೋಡಿ. ಅಲ್ಲಿ ಎರಡು ಸುತ್ತು, ಎರಡಕ್ಕೂ ಬೇರೆ ಬೇರೆ ಲೆಕ್ಕ. ಮೊದಲನೇ ಸುತ್ತಲ್ಲಿ ಆಸ್ಕರ್ ಕೊಡೋ ಅಕಾಡೆಮಿಯ ನಟರ ವಿಭಾಗದ ಸದಸ್ಯರು ಮಾತ್ರ ಐದು ಹೆಸರು ಬರೀತಾರೆ, 1ರಿಂದ 5ರ ತನಕ ಕ್ರಮವಾಗಿ. 600 ಮತ ಬಂತು ಅನ್ಕೊಳ್ಳಿ. ಸ್ಥಾನ ಐದು, ಅದಕ್ಕೊಂದು ಕೂಡಿಸಿ ಆರರಿಂದ ಭಾಗಿಸ್ತಾರೆ, ಬಂದ 100ಕ್ಕೆ ಒಂದು ಸೇರಿಸ್ತಾರೆ: 101. ಅಷ್ಟು ಬಂದವರು ಪಟ್ಟಿಗೆ. ತೀರಾ ಕಡಿಮೆ ಬಂದವರನ್ನ ತೆಗೆದು, ಅವರ ಮತಪತ್ರದಲ್ಲಿರೋ ಮುಂದಿನ ಹೆಸರಿಗೆ ಮತ ದಾಟಿಸ್ತಾರೆ. ಇಷ್ಟರ ಮಟ್ಟಿಗೆ ಚೆನ್ನಾಗಿದೆ. ಕೆಲಸ ಬಲ್ಲೋರೇ ಕೆಲಸ ಅಳೀತಾರೆ, ಎರಡನೇ ಆಯ್ಕೆಗೂ ಬೆಲೆ ಇದೆ.

ಅಕ್ಕ: ಎಡವಟ್ಟಾಗೋದು ಎರಡನೇ ಸುತ್ತಲ್ಲಿ. ಆಗ ಸಂಕಲನಕಾರರು, ಧ್ವನಿಯವರು, ನಿರ್ಮಾಪಕರು, ಪ್ರಚಾರದವರು ಎಲ್ಲಾ ಸೇರಿ ಒಬ್ಬೊಬ್ಬರು ಒಂದೇ ಹೆಸರಿಗೆ ಮತ ಹಾಕ್ತಾರೆ. ಜಾಸ್ತಿ ಬಂದವರು ಗೆದ್ದ ಹಾಗೆ. 100 ಮತ 21, 20, 20, 20, 19 ಅಂತ ಹಂಚಿಹೋದ್ರೆ 21 ಬಂದವರಿಗೆ ಪ್ರತಿಮೆ. ಉಳಿದ 79 ಜನ ಬೇರೆಯವರನ್ನ ಬಯಸಿದ್ರೂ ಅಷ್ಟೇ. ಅತ್ಯುತ್ತಮ ಚಿತ್ರಕ್ಕೆ 2009ರ ಸಿನಿಮಾಗಳಿಂದ 1, 2, 3 ಅಂತ ಕ್ರಮ ಹಾಕೋ ಆದ್ಯತೆ ಮತ ತಂದ್ರು, ನಟನೆಗೆ ತರಲಿಲ್ಲ. ಎಷ್ಟು ಮತದಲ್ಲಿ ಗೆದ್ರು ಅಂತ ಹೊರಗೆ ಹೇಳೋದೂ ಇಲ್ಲ. 1968ರ ಸಿನಿಮಾಗಳಿಗೆ ಕ್ಯಾಥರೀನ್ ಹೆಪ್‌ಬರ್ನ್, ಬಾರ್ಬ್ರಾ ಸ್ಟ್ರೈಸೆಂಡ್ ಇಬ್ಬರಿಗೂ ಸಮ ಬಂತು ಅಂತ ಗೊತ್ತಾಗಿದ್ದು ಇಬ್ಬರಿಗೂ ಕೊಟ್ಟಿದ್ದರಿಂದ.

ಭಾವ: ನಾಮನಿರ್ದೇಶನದ ಸುತ್ತನ್ನ ಅಷ್ಟು ಮೇಲಕ್ಕೆತ್ತಬೇಡ. ಅಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟವಾದವರಿಗಿಂತ, ಕೆಲವರು ಗಟ್ಟಿಯಾಗಿ ‘ನನ್ನ ಮೊದಲ ಆಯ್ಕೆ ಇವರೇ’ ಅಂದವರಿಗೆ ದಾರಿ ಸುಲಭ. 2023ರಲ್ಲಿ ನಟಿ ಆಂಡ್ರಿಯಾ ರೈಸ್‌ಬರೋ ‘ಟು ಲೆಸ್ಲಿ’ ಸಿನಿಮಾಕ್ಕೆ ಪಟ್ಟಿಗೆ ಬಂದಿದ್ದು ಹಾಗೇ. ಚಿತ್ರಮಂದಿರದಲ್ಲಿ ಆ ಸಿನಿಮಾ ಗಳಿಸಿದ್ದು ಸುಮಾರು 27,000 ಡಾಲರ್. ಹೆಸರಾಂತ ನಟನಟಿಯರು ಒಬ್ಬರಿಗೊಬ್ಬರು ಹೇಳಿ ಮತ ಹಾಕಿಸಿದ್ರು. ಅಕಾಡೆಮಿ ವಿಚಾರಣೆ ಮಾಡಿ, ನಾಮನಿರ್ದೇಶನ ಉಳಿಸಿ, ಆಮೇಲೆ ಪ್ರಚಾರದ ನಿಯಮ ಬಿಗಿ ಮಾಡ್ತು.

ಅಕ್ಕ: ನಟನೆ ನೋಡಿ ನಟರೇ ಹೇಳಿದ್ರಲ್ಲಿ ತಪ್ಪೇನ್ರೀ? ಜಾಹೀರಾತಿಗೆ ದುಡ್ಡಿಲ್ಲದ ಸಿನಿಮಾದವರು ಇನ್ಯಾವ ದಾರಿಯಲ್ಲಿ ಬರ್ಬೇಕು?

ನಾನು: ಮತ ಹಾಕೋರು ಸಿನಿಮಾ ನೋಡೇ ಹಾಕ್ತಾರಾ ಭಾವ?

ಭಾವ: ನಟನೆಯ ವಿಭಾಗಗಳಿಗೆ 2025ರ ತನಕ ನೋಡಲೇಬೇಕು ಅನ್ನೋ ನಿಯಮ ಇರಲಿಲ್ಲ. ಆ ವರ್ಷ ತಂದ್ರು: ಯಾವ ವಿಭಾಗಕ್ಕೆ ಅಂತಿಮ ಮತ ಹಾಕ್ತೀರೋ ಅದರ ಪಟ್ಟಿಯಲ್ಲಿರೋ ಎಲ್ಲಾ ಸಿನಿಮಾ ನೋಡಿರ್ಬೇಕು. ಅಕಾಡೆಮಿಯ ಸ್ಟ್ರೀಮಿಂಗ್ ತಾಣದಲ್ಲಿ ನೋಡಿದ್ರೆ ದಾಖಲೆ ತಾನಾಗೇ ಬೀಳುತ್ತೆ. ಚಿತ್ರೋತ್ಸವದಲ್ಲೋ ಥಿಯೇಟರಲ್ಲೋ ನೋಡಿದ್ರೆ ಎಲ್ಲಿ, ಯಾವಾಗ ಅಂತ ಫಾರ್ಮ್ ತುಂಬಬೇಕು.

ಮಾವ: ಇಷ್ಟು ವರ್ಷ ಅದೂ ಇರಲಿಲ್ಲ ಅನ್ನೋದೇ ಹೊಟ್ಟೆ ಉರಿಸುತ್ತೆ. ಹೋಗ್ಲಿ, ಮುಖ್ಯ ನಟ, ಪೋಷಕ ನಟ ಅನ್ನೋ ಕಳ್ಳಾಟಕ್ಕೆ ಏನ್ ಹೇಳ್ತೀರಾ? 2021ರಲ್ಲಿ ಡೇನಿಯಲ್ ಕಲೂಯಾ, ಲಕೀತ್ ಸ್ಟ್ಯಾನ್‌ಫೀಲ್ಡ್ ಒಂದೇ ಸಿನಿಮಾದ ಇಬ್ಬರು ಮುಖ್ಯ ಪಾತ್ರಧಾರಿಗಳು. ಇಬ್ಬರೂ ಪೋಷಕ ವಿಭಾಗದಲ್ಲಿ! ಹಾಗಾದ್ರೆ ಆ ಸಿನಿಮಾದಲ್ಲಿ ಮುಖ್ಯ ನಟ ಯಾರು?

ಭಾವ: ಇದನ್ನ ನಾನೂ ಒಪ್ತೀನಿ. ಸ್ಟುಡಿಯೋ ಯಾವ ವಿಭಾಗಕ್ಕೆ ಪ್ರಚಾರ ಮಾಡಿದ್ರೂ ಮತದಾರರು ತಮಗೆ ಸರಿ ಕಂಡಲ್ಲಿ ಬರೀಬಹುದು, ಮೊದಲು ಎಲ್ಲಿ ಮಿತಿ ಮುಟ್ಟುತ್ತೋ ಅಲ್ಲಿಗೆ ಹೆಸರು. ಕೇಟ್ ವಿನ್ಸ್ಲೆಟ್ 2008ರ ಸಿನಿಮಾಕ್ಕೆ ಪೋಷಕ ನಟಿ ಅಂತ ಪ್ರಚಾರವಾಗಿತ್ತು, ಮತದಾರರು ಮುಖ್ಯ ನಟಿ ವಿಭಾಗಕ್ಕೆ ತಂದ್ರು, ಗೆದ್ರು. 1944ರ ಸಿನಿಮಾದ ಒಂದೇ ಪಾತ್ರಕ್ಕೆ ಬ್ಯಾರಿ ಫಿಟ್ಸ್‌ಜೆರಾಲ್ಡ್ ಎರಡೂ ವಿಭಾಗದಲ್ಲಿ ಬಂದಿದ್ರು, ಆಮೇಲೆ ಅದನ್ನ ನಿಲ್ಲಿಸಿದ್ರು. ಇದರಲ್ಲಿ ಪೆಟ್ಟು ತಿನ್ನೋರು ನಿಜವಾದ ಪೋಷಕ ನಟರು. ಜೂಡಿ ಡೆಂಚ್ ಸುಮಾರು ಎಂಟು ನಿಮಿಷದ ಪಾತ್ರಕ್ಕೆ ಗೆದ್ರಲ್ಲ, ಆ ಬಗೆಯ ಕೆಲಸಕ್ಕೇ ಇರೋ ಜಾಗಕ್ಕೆ ಅರ್ಧ ಸಿನಿಮಾ ತುಂಬಿರೋರು ಬಂದು ಕೂತ್ರೆ ಹೇಗೆ?

ಚಿಕ್ಕಮ್ಮ: ಅಣ್ಣ, ಮತ ಬೇಡ ಅಂದ್ರೆ ತೀರ್ಪುಗಾರರ ಸಮಿತಿ ತಾನೇ? ನಮ್ಮ ರಾಷ್ಟ್ರಪ್ರಶಸ್ತಿ ನೋಡು. 1975ರ ಚೋಮನ ದುಡಿಗೆ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ. ಕೊನೆಯಲ್ಲಿ ಗುಡಿಸಲ ಬಾಗಿಲು ಹಾಕ್ಕೊಂಡು ದುಡಿ ಬಾರಿಸ್ತಾನಲ್ಲ, ಅಲ್ಲಿ ಮಾತೇ ಇಲ್ಲ. ತಾರಾಬಲ, ಪ್ರಚಾರ ಇಲ್ಲದ ಅಂಥ ನಟನೆಯನ್ನ ಗುರುತಿಸಿದ್ದು ಒಂದು ಕೋಣೇಲಿ ಕೂತು ನೋಡಿದ ಕೆಲವೇ ಜನ.

ಮಾವ: ಅದೇ ರಾಷ್ಟ್ರಪ್ರಶಸ್ತಿ ಡಾ. ರಾಜಕುಮಾರ್ ಅವರಿಗೆ ನಟನೆಗೆ ಬರಲೇ ಇಲ್ಲ ತಂಗಿ. ಬಂದಿದ್ದು 1992ರ ಜೀವನ ಚೈತ್ರದ ಹಾಡಿಗೆ, ಗಾಯಕ ಅಂತ. ಹಾಡಿಗೆ ಬಂದಿದ್ದು ಸಂತೋಷವೇ. ನಟನೆಗೆ ಬರದೇ ಇದ್ದಿದ್ದು ಇವತ್ತಿಗೂ ನೋವು.

ಚಿಕ್ಕಮ್ಮ: ಆ ನೋವು ನಂಗಿಲ್ವಾ? ಸಮಿತಿಯ ತೊಂದರೆ ಬೇರೆ ಥರದ್ದು. ನಿರ್ಮಾಪಕರು ಸಿನಿಮಾ ಕಳಿಸದಿದ್ರೆ ನಟ ಎಷ್ಟೇ ದೊಡ್ಡವನಾದ್ರೂ ಲೆಕ್ಕಕ್ಕಿಲ್ಲ. 2010ರಿಂದ ಎರಡು ಹಂತ ಬೇರೆ: ಐದು ಪ್ರಾದೇಶಿಕ ಸಮಿತಿ ಸೋಸಿದ ಮೇಲೆ ಕೇಂದ್ರ ಸಮಿತಿ. ಸಿನಿಮಾ ಸಾಧಾರಣ, ನಟನೆ ಅಸಾಧಾರಣ ಅನ್ನೋ ಥರದ್ದು ಆ ಸೋಸುವಿಕೆಯಲ್ಲೇ ಬಿದ್ದುಹೋಗೋ ಭಯ ಇದೆ.

ನಾನು: 2021ರಲ್ಲಿ ಅತ್ಯುತ್ತಮ ನಟನ ಘೋಷಣೆಯನ್ನ ಕೊನೆಗಿಟ್ಟಿದ್ರು, ಅಷ್ಟರಲ್ಲಿ ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್‌ಗೆ ಬರುತ್ತೆ ಅಂತ ಎಲ್ಲರೂ ಕಾದ್ರು. ಆಂಥನಿ ಹಾಪ್ಕಿನ್ಸ್ ಗೆದ್ರು, ಅವರು ಅಲ್ಲಿರಲೂ ಇಲ್ಲ. ಅದು ಅನ್ಯಾಯನಾ ಮಾವ?

ಮಾವ: ಹಾಪ್ಕಿನ್ಸ್ ಗೆದ್ದ ‘ದಿ ಫಾದರ್’ ಸಿನಿಮಾದ ಕೊನೇ ದೃಶ್ಯ ನೋಡಿದವನು ಅನ್ಯಾಯ ಅನ್ನಲ್ಲ. ಮುದುಕ ನಾನ್ಯಾರು ಅಂತ ಕೇಳ್ತಾನೆ. ಕೇಳ್ತಾ ಕೇಳ್ತಾ ದನಿ ಚಿಕ್ಕದಾಗುತ್ತೆ, ಅಮ್ಮ ಬೇಕು ಅಂತಾನೆ. ಗಂಟಲು ಮುದುಕನದೇ, ಅಳು ಮಾತ್ರ ಮಗುವಿನದು. ಅಲ್ಲಿ ಮತದಾರರು ನಟನೆಯನ್ನೇ ನೋಡಿ ಕೊಟ್ರು, ಒಪ್ಪಿದೆ. ಆದ್ರೆ ಅಲ್ ಪಚೀನೊ? ಎಪ್ಪತ್ತರ ದಶಕದ್ದನ್ನೆಲ್ಲಾ ಬಿಟ್ಟು 1992ರ ಸಿನಿಮಾಕ್ಕೆ ಕೊಟ್ರು. ಹಳೇ ಬಾಕಿ ತೀರಿಸಿದ್ದು ಅದು. ಆ ವರ್ಷ ಡೆನ್ಜೆಲ್ ವಾಷಿಂಗ್ಟನ್ ಸೋತು, ಇನ್ನೊಂದು ಬಾಕಿ ಹುಟ್ಟಿತು.

ಅಕ್ಕ: ಅದಕ್ಕೇ ಮಾವ, ನಾನು ಗೆದ್ದವರ ಹೆಸರಿಗಿಂತ ಐದು ಜನರ ಪಟ್ಟಿಯನ್ನ ನಂಬೋದು. ನಿಮ್ಮ ಚಿತ್ರದಲ್ಲಿರೋ ಆ 8 ಇದೆಯಲ್ಲ, ಅದನ್ನ ಕೊಟ್ಟಿದ್ದು ನಟರು. 0 ಕೊಟ್ಟಿದ್ದು ಎಲ್ಲರ ಒಟ್ಟು ಲೆಕ್ಕ. ಆದ್ರೆ ಪಟ್ಟಿಯೂ ಕಾಣದ್ದು ಒಂದಿದೆ. ಚಿತ್ರೀಕರಣ ಕಥೆಯ ಕ್ರಮದಲ್ಲಿ ಆಗಲ್ಲ. ಲೊಕೇಶನ್ ಸಿಕ್ಕಂತೆ ಸಾವಿನ ದೃಶ್ಯ ಮೊದಲ ದಿನ, ಮದುವೆ ದೃಶ್ಯ ಕೊನೇ ದಿನ ಅಂತಾಗುತ್ತೆ. ಆ ಏರಿಳಿತವನ್ನ ನಟ ತಲೆಯಲ್ಲೇ ಹಿಡಿದಿರ್ತಾನೆ. ಎಷ್ಟು ಟೇಕ್, ಯಾವುದು ಉಳೀತು ಅನ್ನೋದು ಸಂಕಲನದ ಮೇಜಿಗೆ ಮಾತ್ರ ಗೊತ್ತು.

ನಾನು: ಹಾಗಿದ್ರೆ ನಾವು ಹೇಗೆ ಅಳೀಬೇಕು?

ಅಕ್ಕ: ಕೂಗಾಡೋ ದೃಶ್ಯ ಬಿಡು. ಎದುರಿನವರು ಮಾತಾಡ್ವಾಗ ಇವರು ಕೇಳಿಸಿಕೊಳ್ಳೋ ಶಾಟ್ ಹುಡುಕು. ಶಬ್ದ ಪೂರ್ತಿ ತೆಗೆದು ಎರಡು ಸಲ ನೋಡು. ತನ್ನ ಮಾತಿನ ಸರದಿಗೆ ಕಾಯ್ತಿದ್ರೆ ಕಣ್ಣು ನಿಂತುಬಿಟ್ಟಿರುತ್ತೆ, ಮಾತು ಶುರುವಾಗೋ ಕ್ಷಣ ಮುಂಚೆ ಉಸಿರು ಎಳ್ಕೊಳ್ತಾರೆ. ನಿಜವಾಗಿ ಕೇಳ್ತಿದ್ರೆ ಎದುರಿನವರ ವಾಕ್ಯದ ಮಧ್ಯದಲ್ಲೇ ಮುಖ ಬದಲಾಗುತ್ತೆ, ವಾಕ್ಯ ಮುಗಿದ ಮೇಲಲ್ಲ.

ಮಾವ: ಒಟೂಲ್‌ದು ಹೀಗೆ ನೋಡೋಕೆ ಯಾವುದು ತಗೊಳ್ಳಲಿ? 1962ರ ‘ಲಾರೆನ್ಸ್ ಆಫ್ ಅರೇಬಿಯಾ’ನೋ, 1968ರ ‘ದಿ ಲಯನ್ ಇನ್ ವಿಂಟರ್’ನೋ?

ಅಕ್ಕ: 1968ರದ್ದು. ಎದುರಿಗೆ ಕ್ಯಾಥರೀನ್ ಹೆಪ್‌ಬರ್ನ್ ಇದ್ದಾರೆ, ಇಬ್ಬರನ್ನೂ ನೋಡಿ.