ಅಪ್‌ಡೇಟ್: ಪಾರ್ಕಿಂಗ್ ಜಾಗ ಮುಚ್ಚಿ ಆಫೀಸ್ ಮಾಡೋ ವಿಷ್ಯ

ಹೋದ ಸಲ ಕೇಳಿದ್ನಲ್ಲ, ಮನೆ ಕೆಳಗಿನ ಪಾರ್ಕಿಂಗಿಗೆ ಗೋಡೆ ಹಾಕಿ ಸಣ್ಣ ಆಫೀಸ್ ಮಾಡ್ಬೋದಾ ಅಂತ, ವಿಚಾರಿಸ್ದೆ, ಆಗಲ್ವಂತೆ. ಮನೆ ಪ್ಲಾನ್ ಸ್ಯಾಂಕ್ಷನ್ (ಕಟ್ಟೋಕೆ ಒಪ್ಪಿಗೆ) ಆಗಿರೋದೇ ಕೆಳಗೆ ಎರಡು ಕಾರಿನ ಜಾಗ ತೋರ್ಸಿ, ಅದನ್ನ ಮುಚ್ಚಿದ್ರೆ ಪ್ಲಾನ್ ಉಲ್ಲಂಘನೆ, ಜೊತೆಗೆ ಮನೆ ಇದ್ದಿದ್ದು ಆಫೀಸ್ ಆದ್ರೆ ಬಳಕೆನೇ ಬದಲಾದಂಗೆ, ಎಷ್ಟು ಕಾರಿಗೆ ಜಾಗ ಬಿಡ್ಬೇಕು ಅನ್ನೋ ಲೆಕ್ಕ ಮತ್ತೆ ಮೊದಲಿಂದ, ಅಂದ್ರೆ ಜಾಗ ಕಮ್ಮಿ ಮಾಡಕ್ಕೆ ಹೋದೋನಿಗೆ ಇನ್ನೂ ಜಾಸ್ತಿ ಬೇಕಾಗ್ಬೋದು! ಒಂದು ಕಾರಿಗೆ ಸುಮಾರು 2.5 ಮೀಟರ್ ಅಗಲ 5 ಮೀಟರ್ ಉದ್ದ, ತಿರುಗ್ಸೋಕೆ ದಾರಿ ಬೇರೆ. ರೋಡಲ್ಲೇ ನಿಲ್ಲಿಸ್ಕೋತೀನಿ ಅಂದೆ, ಅದು ಲೆಕ್ಕಕ್ಕಿಲ್ಲ, ಸೈಟ್ ಒಳಗೇ ಇರ್ಬೇಕಂತೆ. ಪಕ್ಕದವ್ರು ಹೀಗೇ ಮಾಡಿದಾರಲ್ಲ ಅಂತ ಹೋದ ಸಲ ನಾನೇ ಬರೆದಿದ್ದೆ, ಅವ್ರಿಗೂ ನೋಟಿಸ್ ಬಂದಿದೆ. ಸದ್ಯಕ್ಕೆ ಮೇಲಿನ ರೂಮಲ್ಲೇ ಟೇಬಲ್ ಹಾಕೊಂಡಿದೀನಿ.