ಕ್ಯಾನ್ಸರ್ ಸಂಶೋಧನಾ ತಂಡಕ್ಕೆ ರೋಗಿಗಳ ಪ್ರತಿನಿಧಿಯಾಗಿ ಕರೆದಿದ್ದಾರೆ, ನಾನು ಏನು ಮಾಡಬಹುದು?

ಹೊಸಬಳು:
ಸ್ತನ ಕ್ಯಾನ್ಸರ್‌ನ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಈಗ ಮಾತ್ರೆಯಲ್ಲಿದ್ದೇನೆ. ಹೊಸ ಔಷಧದ ಟ್ರಯಲ್ (ರೋಗಿಗಳ ಮೇಲೆ ನಡೆಸುವ ಪ್ರಯೋಗ) ರೂಪಿಸುತ್ತಿರುವ ತಂಡವೊಂದು ರೋಗಿಗಳ ಪ್ರತಿನಿಧಿಯಾಗಿ ಬರುತ್ತೀರಾ ಎಂದು ಕೇಳಿದೆ. ಸಂಬಳವಿಲ್ಲ, ಸ್ವಯಂಸೇವೆ. ನಾನು ಓದಿದ್ದು ಕಾಮರ್ಸ್. ಕಳಿಸಿರುವ ಪ್ರೋಟೋಕಾಲ್‌ನ, ಅಂದರೆ ಟ್ರಯಲ್ ಹೇಗೆ ನಡೆಸಬೇಕೆಂಬ ಯೋಜನೆಯ ದಾಖಲೆಯ, ಮೊದಲ ಪುಟವೇ ತಲೆಗೆ ಹತ್ತುತ್ತಿಲ್ಲ. ಅಷ್ಟು ಡಾಕ್ಟರುಗಳ ನಡುವೆ ಕೂತು ಏನು ಹೇಳಲಿ? ಹೆಸರಿಗೊಬ್ಬರು ಇರಲಿ ಅಂತ ಕರೆದಿದ್ದರೆ?

ಹಳೆ ಸ್ವಯಂಸೇವಕ:
ದಯವಿಟ್ಟು ಹೋಗಿ ಮೇಡಂ. ಕರುಳಿನ ಕ್ಯಾನ್ಸರ್ ಆದಮೇಲೆ ನಾನು ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ.

ಪ್ರೋಟೋಕಾಲನ್ನು ಮೊದಲ ಪುಟದಿಂದ ಓದಬೇಡಿ. ಯಾವ ದಿನ ರಕ್ತಪರೀಕ್ಷೆ, ಯಾವ ದಿನ ಸ್ಕ್ಯಾನ್, ಯಾವ ದಿನ ಬಯಾಪ್ಸಿ (ಪರೀಕ್ಷೆಗೆಂದು ದೇಹದಿಂದ ಸಣ್ಣ ಚೂರು ತೆಗೆಯುವುದು) ಎಂದು ಹೇಳುವ ಕೋಷ್ಟಕ ಒಂದಿರುತ್ತದೆ, ಅಲ್ಲಿಂದ ಶುರು ಮಾಡಿ. ಕೀಮೋ ಆಗಿ ಮೂರನೇ ದಿನ ನಿಮ್ಮ ಮೈ ಹೇಗಿತ್ತು ಎಂದು ನೆನೆಸಿಕೊಂಡು ಆ ಕೋಷ್ಟಕ ನೋಡಿ. ಆವತ್ತು ಆಸ್ಪತ್ರೆಗೆ ಹೋಗಲು ಆಗುತ್ತಿತ್ತೇ? ಪ್ರತಿ ಬಯಾಪ್ಸಿಗೂ ಕೇಳಿ: ಇದು ರೋಗಿಯ ಚಿಕಿತ್ಸೆಗೋ, ಬರೀ ಸಂಶೋಧನೆಗೋ? ಬೇಡವೆಂದರೂ ಟ್ರಯಲ್‌ನಲ್ಲಿ ಇರಬಹುದೇ?

ಆಮೇಲೆ ಸೈಡ್ ಎಫೆಕ್ಟ್. ಅದನ್ನು ಗ್ರೇಡ್‌ಗಳಲ್ಲಿ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ತೊಂದರೆ ತೀವ್ರ. ಭೇದಿ ಮಾಮೂಲಿಗಿಂತ ದಿನಕ್ಕೆ 4ರಿಂದ 6 ಸಲ ಹೆಚ್ಚಾದರೆ ಅದು ಗ್ರೇಡ್ 2. ವರದಿಗಳಲ್ಲಿ ಒತ್ತು ಬೀಳುವುದು ಗ್ರೇಡ್ 3 ಮತ್ತು ಅದರ ಮೇಲಿನದಕ್ಕೆ. ದಿನವೂ ನುಂಗುವ ಮಾತ್ರೆಯಿಂದ ತಿಂಗಳುಗಟ್ಟಲೆ ಗ್ರೇಡ್ 2 ಇದ್ದರೆ ಹೊಸ್ತಿಲು ದಾಟುವುದಕ್ಕೂ ಹೆದರಿಕೆಯಾಗುತ್ತದೆ, ಅನುಭವಿಸಿ ಹೇಳುತ್ತಿದ್ದೇನೆ. ಅದನ್ನು ರೋಗಿಯ ಬಾಯಿಂದಲೇ ಕೇಳಿ ದಾಖಲಿಸುತ್ತೀರಾ ಎಂದು ಪಟ್ಟು ಹಿಡಿದು ಕೇಳಿ. 2017ರಲ್ಲಿ ಪ್ರಕಟವಾದ 766 ರೋಗಿಗಳ ಅಧ್ಯಯನವಿದೆ. ತಮ್ಮ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದವರ ಮಧ್ಯಮ ಬದುಕುಳಿಕೆ (ಅರ್ಧದಷ್ಟು ರೋಗಿಗಳು ಇದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂಬ ಅವಧಿ) 31.2 ತಿಂಗಳು, ಮಾಮೂಲಿ ಆರೈಕೆಯವರದು 26. ಇದು ಬರೀ ಸೌಜನ್ಯದ ಮಾತಲ್ಲ ಅನ್ನುವುದಕ್ಕೆ ನಾನು ಪ್ರತಿ ಸಭೆಯಲ್ಲೂ ಇದನ್ನು ಎತ್ತುತ್ತೇನೆ.

‘ಹೆಸರಿಗೆ’ ಎಂಬ ಅನುಮಾನಕ್ಕೆ: ಅಮೆರಿಕದಲ್ಲಿ ಒಂದು ಕಾಲದಲ್ಲಿ ಬಯಾಪ್ಸಿಗೆಂದು ಅರಿವಳಿಕೆ ಪಡೆದ ಹೆಂಗಸರು ಎಚ್ಚರಾಗುವಷ್ಟರಲ್ಲಿ ಸ್ತನವನ್ನೇ ತೆಗೆದಿರುತ್ತಿದ್ದರು. ರೋಸ್ ಕುಶ್ನರ್ ಎಂಬ ಪತ್ರಕರ್ತೆ, ತಾವೇ ರೋಗಿ, ಅದರ ವಿರುದ್ಧ ನಿಂತರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಕುರಿತ 1979ರ ರಾಷ್ಟ್ರೀಯ ಸಮಿತಿಯಲ್ಲಿ ವೈದ್ಯರ ಜೊತೆ ಅವರೂ ಕೂತಿದ್ದರು. ಬಯಾಪ್ಸಿ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಆಗಬೇಕೆಂದು ಆ ಸಮಿತಿ ಹೇಳಿತು.

(ಪ್ರೋಟೋಕಾಲ್ ಗೌಪ್ಯ. ಔಷಧದ ಹೆಸರು ಇಲ್ಲಿ ಹಾಕಬೇಡಿ.)

ಅಂಕಿಅಂಶದವನು:
ನಾನು ಟ್ರಯಲ್‌ಗಳ ಲೆಕ್ಕಾಚಾರ ಮಾಡುವವನು. ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಏನಿದ್ದರೂ ಈಗಲೇ ಕೇಳಿ. ರೋಗಿಗಳ ಹಿತ ಕಾಯಲು ಟ್ರಯಲ್‌ಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಬಂದಮೇಲೆ ಬದಲಾವಣೆ ಮಾಡಬೇಕಾದರೆ ತಿದ್ದುಪಡಿ ಸಲ್ಲಿಸಿ ಮತ್ತೆ ಕಾಯಬೇಕು. ಯಾರನ್ನು ಸೇರಿಸುವುದಿಲ್ಲ ಎಂಬ ಪಟ್ಟಿಯನ್ನೂ ಓದಿ. ವಯಸ್ಸಾದವರು, ಮೆದುಳಿಗೆ ಹರಡಿದವರು ಹೊರಗಿದ್ದರೆ ಕಾರಣ ಕೇಳಿ. ಕೆಲವು ಷರತ್ತುಗಳು ಹಳೆಯ ಪ್ರೋಟೋಕಾಲ್‌ನಿಂದ ಹಾಗೇ ಇಳಿದು ಬಂದಿರುತ್ತವೆ.

ಅಕ್ಕನ ಜೊತೆಗಿದ್ದವಳು:
ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮದೇ ಕಾಯಿಲೆ ಎಷ್ಟು ಜನರಿಗೆ ಮರುಕಳಿಸಿತು ಎಂಬ ಗ್ರಾಫ್ ಎದುರಿಗೆ ಬರುತ್ತದೆ. ಅಕ್ಕ ಹಾಗೊಂದು ಸಭೆ ಮುಗಿಸಿ ಬಂದು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಅಂಥ ಪುಟಗಳಿದ್ದರೆ ಮುಂಚೆಯೇ ತಿಳಿಸಿ ಅಂತ ಹೇಳಿಬಿಡಿ. ಸಾಧ್ಯವಾದರೆ ಇನ್ನೊಬ್ಬ ಪ್ರತಿನಿಧಿಯೂ ಇರಲಿ ಎಂದು ಕೇಳಿ, ಒಬ್ಬರೇ ಇರಬೇಡಿ.

ಹೊಸಬಳು:
ಎಲ್ಲರಿಗೂ ತುಂಬಾ ಧನ್ಯವಾದ. ಕೋಷ್ಟಕ ಸಿಕ್ಕಿತು. ಎರಡನೇ ಬಯಾಪ್ಸಿ ಎದುರು ‘ಸಂಶೋಧನೆಗಾಗಿ’ ಎಂದಷ್ಟೇ ಇದೆ. ಬೇಡ ಎನ್ನಬಹುದೇ ಎಂಬುದು ಒಪ್ಪಿಗೆ ಪತ್ರದಲ್ಲಿ ಎಲ್ಲೂ ಇಲ್ಲ. ಮೊದಲ ಸಭೆಯಲ್ಲೇ ಕೇಳಿದರೆ ತಪ್ಪಾಗುತ್ತಾ?

ಹಳೆ ಸ್ವಯಂಸೇವಕ:
ಖಂಡಿತ ತಪ್ಪಿಲ್ಲ. ಸಭೆಗೆ ಮುಂಚೆಯೇ ಪುಟದ ಸಂಖ್ಯೆ ಸಮೇತ ಬರೆದು ಕಳಿಸಿ, ಚರ್ಚೆಯ ಪಟ್ಟಿಗೆ ಸೇರಿಸಿ ಅನ್ನಿ.